ಹಿಂದೆ ಮುಂದೆ ಹೇಗೆ ಅಂಟಿಸಿದರೂ ಅವಿಭಾಜ್ಯ

3, 7, 109, 673. ಈ ನಾಲ್ಕರಲ್ಲಿ ಯಾವ ಎರಡನ್ನಾದರೂ ಪಕ್ಕಪಕ್ಕ ಬರೆಯಿರಿ. 37, 73, 7109, 1097, ಕೊನೆಗೆ 673109 ಕೂಡ ಅವಿಭಾಜ್ಯ ಸಂಖ್ಯೆಯೇ. ಇಂಥವೇ ಐದು ಬೇಕು, ಮೊತ್ತ ಆದಷ್ಟು ಚಿಕ್ಕದಿರಬೇಕು. ಪ್ರೋಗ್ರಾಂ ಬರೆದು ಬಿಡಿಸುವ ಗಣಿತದ ಲೆಕ್ಕಗಳ ಜಾಲತಾಣ ಪ್ರಾಜೆಕ್ಟ್ ಆಯ್ಲರ್‌ನ 60ನೇ ಲೆಕ್ಕ ಇದು. ನಾನು ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ಹಾಕಿಕೊಂಡು ಬಿಡಿಸಿದೆ.

ದಾರಿ ತೋರಿಸಿದ್ದು ದಾವಣಗೆರೆಯ ಗಾಡಿ ನಂಬರು. ನಮ್ಮ ಕೆಎ 17ರ 17 ಅವಿಭಾಜ್ಯ, ಚಿತ್ರದುರ್ಗದ 16ಕ್ಕೆ ಆ ಭಾಗ್ಯ ಇಲ್ಲ ಬಿಡಿ. ಹರಿಹರದ ಬಸ್ಸಿಗೆ ಕಾಯುವಾಗ ಈ 17ಕ್ಕೆ ಜೊತೆ ಹುಡುಕುತ್ತಿದ್ದೆ. 3 ಹೊಂದುತ್ತದೆ: 317, 173. 29 ಹಾಕಿದರೆ 2917 ಸರಿ, ಆದರೆ ತಿರುಗಿಸಿದರೆ 1729, ರಾಮಾನುಜನ್ ಅವರ ಟ್ಯಾಕ್ಸಿ ನಂಬರು, ಅದು 7×13×19. ಇನ್ನು 7 ಹಾಕಿದರೆ 177, 717, ಎರಡೂ 3ರ ಪಾಲು.

ಈ ಕೊನೆಯದು ಸುಮ್ನೆ ಆಗಿದ್ದಲ್ಲ. 17ನ್ನು 3ರಿಂದ ಭಾಗಿಸಿದರೆ 2 ಉಳಿಯುತ್ತದೆ, 7ನ್ನು ಭಾಗಿಸಿದರೆ 1. ಅಂಟಿಸಿದಾಗ ಅಂಕಿಗಳ ಮೊತ್ತವೂ ಕೂಡಿಕೊಳ್ಳುತ್ತದೆ ಅಲ್ವಾ, ಹಾಗಾಗಿ ಶೇಷ 1ರವರೂ ಶೇಷ 2ರವರೂ ಯಾವತ್ತೂ ಬೀಗರಾಗುವುದಿಲ್ಲ. 3 ಮಾತ್ರ ಎರಡೂ ಮನೆಗೆ ಹೋಗಿ ಬರಬಹುದು. 2 ಮತ್ತು 5 ಮೊದಲೇ ಹೊರಗೆ, ಅವು ಕೊನೆಯಲ್ಲಿ ಕೂತರೆ ಕೆಲಸ ಕೆಟ್ಟಿತು. ಮೊದಲು 10,000ದೊಳಗೆ ಮಾತ್ರ ಹುಡುಕಿದೆ. ಅಲ್ಲಿನ 1,229 ಅವಿಭಾಜ್ಯಗಳಲ್ಲಿ ಏಳೂವರೆ ಲಕ್ಷ ಜೋಡಿ ನೋಡಬೇಕಿತ್ತು, ಈ ಒಂದೇ ಯೋಚನೆಯಿಂದ ಹೆಚ್ಚುಕಡಿಮೆ ಅರ್ಧ ಉಳಿಯಿತು. ವೇಗದ ಕಂಪ್ಯೂಟರಿಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬಂತು ಅಂತ ನನ್ನ ಲೆಕ್ಕ.

ಉಳಿದದ್ದು ಕೂಲಿ ಕೆಲಸ. ಪ್ರತಿ ಸಂಖ್ಯೆಗೂ ಅದಕ್ಕಿಂತ ದೊಡ್ಡ ಜೊತೆಗಾರರ ಪಟ್ಟಿ ಮಾಡಿದೆ, ಪಟ್ಟಿಗಳಲ್ಲಿ ಸಮಾನವಾಗಿರುವವರನ್ನು ಮಾತ್ರ ಇಟ್ಟುಕೊಳ್ಳುತ್ತಾ ಹೋದೆ. ಅಂಟಿಸಿದ ಸಂಖ್ಯೆ ಎಂಟು ಅಂಕಿಯವರೆಗೂ ಹೋಗುತ್ತದೆ. 10 ಕೋಟಿವರೆಗೆ ಜರಡಿ ಹಿಡಿದರೆ, ಅಂದರೆ ಗುಣಕಗಳನ್ನೆಲ್ಲ ಹೊಡೆದುಹಾಕಿ ಅವಿಭಾಜ್ಯಗಳನ್ನು ಉಳಿಸಿಕೊಂಡರೆ, ನನ್ನ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ, ಅದಕ್ಕೇ ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಬೇಗ ಹೇಳುವ ಮಿಲ್ಲರ್-ರಾಬಿನ್ ಪರೀಕ್ಷೆ ಬಳಸಿದೆ. 2, 3, 5, 7 ಈ ನಾಲ್ಕನ್ನು ಆಧಾರವಾಗಿ ಇಟ್ಟರೆ 321 ಕೋಟಿವರೆಗೂ ಅದರ ಉತ್ತರ ಖಚಿತ, ಅಂದಾಜಲ್ಲ.

ಸಿಕ್ಕಿದ್ದು 13, 5197, 5701, 6733, 8389. ಎಲ್ಲವೂ ಶೇಷ 1ರ ಮನೆಯವು. ಮೊತ್ತ 26033.

ಇಲ್ಲಿಗೇ ನಿಲ್ಲಿಸುವವರು ತುಂಬಾ ಜನ. ಆದರೆ 10,000 ದಾಟಿದ ಒಂದು ಸಂಖ್ಯೆ ನಾಲ್ಕು ಪುಟ್ಟವುಗಳ ಜೊತೆ ಸೇರಿ ಇದಕ್ಕಿಂತ ಕಡಿಮೆ ಮೊತ್ತ ಕೊಡಬಹುದಲ್ಲ? ಹಾಗಾಗಿ 26,000ದವರೆಗೂ ಹುಡುಕಲೇಬೇಕು. ಆಗ ಅಂಟಿಸಿದ ಸಂಖ್ಯೆ ಹೆಚ್ಚೆಂದರೆ 260 ಕೋಟಿ ಚಿಲ್ಲರೆ, 321 ಕೋಟಿಯ ಒಳಗೇ ಇದೆ, ಪರೀಕ್ಷೆಯಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ. ರಾತ್ರಿ ಓಡಲು ಬಿಟ್ಟೆ. 26033ಕ್ಕಿಂತ ಚಿಕ್ಕದು ಬರಲಿಲ್ಲ.