ಸಲ್ಫೈಟ್ ಹಾಕದ ಕೆಂಪು ಬ್ಲೆಂಡ್: ನಾನು ಮಾಡಿದ ರೀತಿ

"ಸಲ್ಫೈಟ್ ಹಾಕದೆ ಒಂದೇ ತಳಿಯ ವೈನ್ ಬೇಕಾದರೆ ಮಾಡು, ಬ್ಲೆಂಡ್ ತಂಟೆಗೆ ಹೋಗಬೇಡ" ಅಂದವರು ಒಬ್ಬಿಬ್ಬರಲ್ಲ. ಸಲ್ಫೈಟ್ ಅಂದರೆ ವೈನ್ ಕೆಡದಂತೆ ಹಾಕುವ ಸಂರಕ್ಷಕ, ಬ್ಲೆಂಡ್ ಅಂದರೆ ಹಲವು ದ್ರಾಕ್ಷಿ ತಳಿಗಳ ವೈನ್ ಬೆರೆಸಿದ್ದು. ಹಾಗಂದವರ ಮಾತಿನಲ್ಲಿ ಹುರುಳಿತ್ತು. ಬ್ಲೆಂಡ್ ಮಾಡಬೇಕಾದರೆ ಪಂಪ್ ಓಡಬೇಕು, ಪಂಪ್ ಓಡಿದರೆ ಗಾಳಿ ಸೇರುತ್ತೆ. ಬೆರೆಸುವ ವೈನ್‌ಗಳಲ್ಲಿ ಒಂದರಲ್ಲಿ ಚೂರು ಸಕ್ಕರೆಯೋ ಮ್ಯಾಲಿಕ್ ಆಮ್ಲವೋ (ದ್ರಾಕ್ಷಿಯಲ್ಲೇ ಇರುವ ಹುಳಿ) ಉಳಿದಿದ್ದರೂ ಸಾಕು, ಬಾಟಲಿಯೊಳಗೆ ಮತ್ತೆ ಹುದುಗು ಶುರು. ಆದರೆ ನನ್ನ ಬಾಟಲಿಗಳು ಈಗ ಇಡೀ ಬೇಸಿಗೆ ದಾಟಿವೆ, ಒಂದೂ ಕೆಟ್ಟಿಲ್ಲ. ಹಾಗಾಗಿ ಬರೆಯುವ ಧೈರ್ಯ ಬಂತು.

ಬ್ಲೆಂಡ್ ಮಾಡುವ ರೂಢಿ ಹೀಗೆ. ಎಲ್ಲವನ್ನೂ ಬೇರೆ ಬೇರೆ ಹುದುಗಿಸಿ, ತಿಂಗಳುಗಟ್ಟಲೆ ಕಾದು, ಗ್ಲಾಸಿನಲ್ಲಿ ರುಚಿ ನೋಡಿ ಪ್ರಮಾಣ ಗೊತ್ತು ಮಾಡುವುದು. ಮೆಟಾ (ಸಲ್ಫೈಟ್ ಪುಡಿ) ಹಾಕುವವರಿಗೆ ಅದು ಸರಿ. ಹಾಕದವರ ವೈನನ್ನು ಆ ಕಾಯುವಿಕೆಯೇ ಕೊಲ್ಲುತ್ತೆ. ನಾನು ಬೆರೆಸುವುದು ಪ್ರೆಸ್ ಮಾಡಿದ (ಸಿಪ್ಪೆಯಿಂದ ರಸ ಹಿಂಡಿ ತೆಗೆದ) ದಿನವೇ, ರಸ ಇನ್ನೂ ಬೆಚ್ಚಗೆ, ಬಗ್ಗಡವಾಗಿ, ಗುಳುಗುಳು ಅನ್ನುತ್ತಿರುವಾಗಲೇ. ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) 2ರ ಆಸುಪಾಸು ಇರುತ್ತೆ. ಜೀವಂತ ಯೀಸ್ಟ್ ಸಿಕ್ಕಿದ ಆಕ್ಸಿಜನ್ನೆಲ್ಲ ತಿಂದುಹಾಕುತ್ತೆ, ಮೇಲೇಳುವ ಗ್ಯಾಸ್ ಹೊದಿಕೆಯಾಗುತ್ತೆ. ಉಳಿದ ಸಕ್ಕರೆ, ಮ್ಯಾಲೋಲ್ಯಾಕ್ಟಿಕ್ (ಬ್ಯಾಕ್ಟೀರಿಯಾ ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲ ಮಾಡುವುದು) ಎಲ್ಲ ಒಂದೇ ಟ್ಯಾಂಕಿನಲ್ಲಿ ಒಟ್ಟಿಗೇ ಮುಗಿಯುತ್ತೆ. ಆಮೇಲೆ ಬೆರೆಸುವ ಮಾತೇ ಇಲ್ಲ.

ನನ್ನ ದ್ರಾಕ್ಷಿ ತಳಿಗಳಲ್ಲಿ ಸಿರಾ ಮೊದಲು ಹಣ್ಣಾಗುವುದರಿಂದ ಅದರ ವೈನ್ ಗಸಿಯ (ತಳದಲ್ಲಿ ಕೂತ ಯೀಸ್ಟಿನ) ಮೇಲೆ, ಕುತ್ತಿಗೆಯವರೆಗೆ ತುಂಬಿದ ಟ್ಯಾಂಕಿನಲ್ಲಿ ಕಾಯುತ್ತೆ. ಗ್ರೆನಾಶ್, ಕಾರಿಗ್ನಾನ್ ಒಟ್ಟಿಗೆ ಕೊಯ್ದು ಒಟ್ಟಿಗೇ ಹುದುಗಿಸುತ್ತೇನೆ. ಬೆರೆಸುವ ದಿನ ಕಾರ್ಬನ್ ಡೈಆಕ್ಸೈಡ್ ತುಂಬಿದ ದೊಡ್ಡ ಟ್ಯಾಂಕಿಗೆ ಸಿರಾವನ್ನೂ ಈ ಜೋಡಿಯನ್ನೂ ಕೆಳಗಿನ ಕವಾಟದಿಂದ ಬಿಡುವುದು. ಪೈಪಿನಿಂದ ಮೊದಲು ನೇರಳೆ ನೊರೆ ಬರುತ್ತೆ, ಆಮೇಲೆ ರಸ. ಮೇಲಿಂದ ಸುರಿದರೆ ಪಟ್ಟ ಪಾಡೆಲ್ಲ ವ್ಯರ್ಥ.

"ರುಚಿ ನೋಡದೆ ಪ್ರಮಾಣ ಹೇಗೆ ಗೊತ್ತಾಗುತ್ತೆ?" ಅಂತ ನಕ್ಕವರಿಗೆ ಉತ್ತರ: ನಾನು ನಾಲಿಗೆಯಿಂದ ಬೆರೆಸುವುದಿಲ್ಲ, ಪಿಎಚ್‌ನಿಂದ ಬೆರೆಸುತ್ತೇನೆ (ಅದು ಹುಳಿಯ ಅಳತೆ, ಕಮ್ಮಿಯಿದ್ದಷ್ಟೂ ಹುಳಿ ಹೆಚ್ಚು, ಕೆಡುವುದು ಕಮ್ಮಿ). ಅರ್ಧಕ್ಕಿಂತ ಹೆಚ್ಚು ಗ್ರೆನಾಶ್, ಕುಡಿಯಲು ಮೆತ್ತಗೆ, ಆದರೆ ಬೇಗ ಕಂದುಗಟ್ಟುವ ಜಾತಿ. ಕಾಲು ಭಾಗ ಸಿರಾ, ಬಣ್ಣಕ್ಕೂ ಗಾಳಿ ತಡೆಯುವುದಕ್ಕೂ. ಹುಳಿಗೆ ಕಾರಿಗ್ನಾನ್. ನಾಲ್ಕನೆಯದೊಂದಿದೆ, ಅದರ ಹೆಸರು ನನ್ನ ಹತ್ತಿರವೇ ಇರಲಿ. ಪಿಎಚ್ 3.5 ಸುತ್ತಮುತ್ತ ಇರಬೇಕು. ರಸದಲ್ಲೇ ಮೇಲಿದ್ದರೆ ಟಾರ್ಟಾರಿಕ್ ಆಮ್ಲ ಹಾಕುತ್ತೇನೆ. ಲೀಟರಿಗೆ 1 ಗ್ರಾಂ ಹಾಕಿದರೆ ಅಂದಾಜು 0.1 ಇಳಿಯುತ್ತೆ. ಆಲ್ಕೋಹಾಲ್ ಶೇ. 12.5ರ ಹತ್ತಿರ ನಿಲ್ಲುವಂತೆ ಬೇಗ ಕೊಯ್ದರೆ ಅರ್ಧ ಕೆಲಸ ತೋಟದಲ್ಲೇ ಮುಗಿದ ಹಾಗೆ.

ಹಿಂದೊಂದು ವರ್ಷ ಹಣ್ಣು ಚೆನ್ನಾಗಿ ಮಾಗಲಿ ಅಂತ ಬಿಟ್ಟು ಪಿಎಚ್ 3.9ಕ್ಕೆ ಹೋಯಿತು. ಬಣ್ಣ ಚೆನ್ನ, ಮೂಗಿಗೂ ಚೆನ್ನ. ನುಂಗಿ ಅರ್ಧ ನಿಮಿಷವಾದ ಮೇಲೆ ಗಂಟಲ ಹಿಂಬದಿಯಿಂದ ಇಲಿ ಬೋನಿನ ವಾಸನೆ! ವೈನಿನ ಹುಳಿಯಲ್ಲಿ ಅದು ಮೇಲೇಳುವುದಿಲ್ಲ, ಎಂಜಲು ಸೇರಿ ಪಿಎಚ್ ಏರಿದಾಗ ಮಾತ್ರ ಏಳುತ್ತೆ. ಇಡೀ ಟ್ಯಾಂಕ್ ಚರಂಡಿಗೆ ಹೋಯಿತು, ಜೊತೆಗೆ ಆ ವರ್ಷದ ದುಡ್ಡಿನಲ್ಲಿ ಕಾಲು ಪಾಲು. ಈಗ ಬಾಟಲಿಗೆ ತುಂಬುವ ಮೊದಲು ಸ್ಯಾಂಪಲ್ಲಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮೂಸುತ್ತೇನೆ. ಇಲಿ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತೆ. ಇನ್ನೊಂದು ಸಲ ಅಗ್ಗಕ್ಕೆ ಸಿಕ್ಕಿದ ಹಳೇ ಬ್ಯಾರೆಲ್‌ಗಳಿಂದ ಬ್ರೆಟ್ (ವೈನ್ ಕೆಡಿಸುವ ಒಂದು ಯೀಸ್ಟ್) ಅಂಟಿ ವೈನೆಲ್ಲ ಕುದುರೆ ಲಾಯದ ವಾಸನೆ. ಬ್ಯಾರೆಲ್‌ನಲ್ಲಿ ಉಳಿಸಿದ ದುಡ್ಡಿನ ಹತ್ತರಷ್ಟು ಅಲ್ಲಿ ಹೋಯಿತು. ಈಗ ಸ್ಟೀಲ್ ಬಿಟ್ಟು ಬೇರೇನೂ ಇಲ್ಲ. ಸಲೀಸಾಗಿ ಕುಡಿಯುವ ವೈನಿಗೆ ಓಕ್ ಯಾಕೆ?

ನಡುವೆ ಕಾರ್ಬಾನಿಕ್ (ಹಣ್ಣು ಜಜ್ಜದೆ ಕಾರ್ಬನ್ ಡೈಆಕ್ಸೈಡಿನಲ್ಲಿ ಹುದುಗಿಸುವ) ಹುಚ್ಚೂ ಹಿಡಿದಿತ್ತು. ಇಡೀ ಗೊಂಚಲು, ಸಣ್ಣ ಟ್ಯಾಂಕ್, ಡ್ರೈ ಐಸ್. ಸ್ಟ್ರಾಬೆರಿ ಮಿಠಾಯಿಯ ಪರಿಮಳವೇನೋ ಬಂತು, ಆದರೆ ದ್ರಾಕ್ಷಿಯೊಳಗೇ ಮ್ಯಾಲಿಕ್ ಕರಗಿ ಪಿಎಚ್ ಏರುತ್ತೆ. ಈ ದಾರಿ ಹಿಡಿದವರೆಲ್ಲ ಫ್ರಾನ್ಸಿನ ಬೋಜೊಲೆಯ ವೈನ್ ತಯಾರಕ ಜೂಲ್ ಶೋವೆ ಹೆಸರು ಹೇಳುತ್ತಾರೆ. ಅವರು ರಸಾಯನಶಾಸ್ತ್ರ ಅರೆದು ಕುಡಿದವರು ಅನ್ನುವುದನ್ನು ಮರೆಯುತ್ತಾರೆ. ನಾನು ಕಾರ್ಬಾನಿಕ್ ವೈನನ್ನು ಬ್ಲೆಂಡಿನಲ್ಲಿ ಶೇ. 15 ದಾಟಿಸಲಿಲ್ಲ. ಅದಕ್ಕಿಂತ ಲಾಭವಾದದ್ದು ಗ್ರೆನಾಶ್‌ಗೆ ಮೊದಲು ಲಾಚಾನ್ಸಿಯಾ ಯೀಸ್ಟ್ ಹಾಕಿದ್ದರಿಂದ. ಅದು ಲ್ಯಾಕ್ಟಿಕ್ ಆಮ್ಲ ಮಾಡಿಕೊಟ್ಟು ಪಿಎಚ್ ಇಳಿಸುತ್ತೆ. ಸಕ್ಕರೆ ಮುಗಿಸುವ ಎರಡನೇ ಯೀಸ್ಟ್ ಯಾವ ಹೊತ್ತಿಗೆ ಹಾಕಬೇಕು ಅನ್ನುವುದನ್ನು ನೀವೇ ಕಂಡುಕೊಳ್ಳಿ, ನನಗೂ ಯಾರೂ ಹೇಳಿಕೊಡಲಿಲ್ಲ. ಯೀಸ್ಟಿನ ತಳಿ ಆರಿಸುವಾಗ ಮಾತ್ರ ಹುಷಾರು, ಕೆಲವು ಯೀಸ್ಟ್‌ಗಳು ತಾವೇ ಸಾಕಷ್ಟು ಸಲ್ಫೈಟ್ ಮಾಡುತ್ತವೆ. ನನ್ನದು ಲ್ಯಾಬಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ಒಳಗೇ ಬಂತು.

ಸಲ್ಫೈಟ್ ಬಿಟ್ಟರೆ ಖರ್ಚು ಉಳಿಯುತ್ತೆ ಅಂದುಕೊಂಡಿದ್ದರೆ ಮರೆತುಬಿಡಿ. ವೈನರಿಯಲ್ಲಿ ಅದರಷ್ಟು ಅಗ್ಗದ ಸಾಮಾನು ಇನ್ನೊಂದಿಲ್ಲ. ಅದರ ಜಾಗಕ್ಕೆ ಗಾಳಿ ಓಡಿಸುವ ನೈಟ್ರೋಜನ್, ಆಕ್ಸಿಜನ್ ಮೀಟರ್, ಸೂಕ್ಷ್ಮಜೀವಿ ಸೋಸುವ 0.45 ಮೈಕ್ರಾನ್ ಫಿಲ್ಟರ್ ಬಂದು ಕೂತಿವೆ. ಮೀಟರ್ ಕೊಂಡ ವರ್ಷ ಮನೆಯಲ್ಲಿ ಮಾತು ಕಮ್ಮಿಯಾಗಿತ್ತು. ಫಿಲ್ಟರ್ ಮಾಡಿದ್ದಕ್ಕೆ ಮಡಿವಂತರು ಮೂಗು ಮುರಿಯುತ್ತಾರೆ, ಮುರಿಯಲಿ. ತುಂಬುವಾಗ ಕರಗಿದ ಆಕ್ಸಿಜನ್ ಲೀಟರಿಗೆ ಅರ್ಧ ಮಿಲಿಗ್ರಾಂ ದಾಟಿದರೆ ಲೈನ್ ನಿಲ್ಲಿಸುತ್ತೇನೆ. ಕಾರ್ಬನ್ ಡೈಆಕ್ಸೈಡನ್ನು ಪೂರ್ತಿ ತೆಗೆಯುವುದಿಲ್ಲ, ಲೀಟರಿಗೆ ಸುಮಾರು 1 ಗ್ರಾಂ ಉಳಿದರೆ ನಾಲಿಗೆಗೂ ಚುರುಕು, ವೈನಿಗೂ ಕಾವಲು.

ಕೊಳ್ಳುವವರಿಗೆ ಎರಡೇ ಷರತ್ತು: 14 ಡಿಗ್ರಿಗಿಂತ ಬಿಸಿಯಲ್ಲಿ ಇಡಕೂಡದು, ವರ್ಷದೊಳಗೆ ಕುಡಿದು ಮುಗಿಸಬೇಕು. ಒಪ್ಪದ ಅಂಗಡಿಯವರಿಗೆ ನಾನು ಮಾಲು ಕೊಡುವುದಿಲ್ಲ.