ಚೆನ್ನೈನ ಅರ್ಮೇನಿಯನ್ ಚರ್ಚ್: ನೆಲ ನೋಡುತ್ತ ಒಳಗೆ ಹೋಗಿ

ಮೊದಲು ವಿಳಾಸ ಸರಿ ಮಾಡಿಕೊಳ್ಳಿ. ಜಾರ್ಜ್ ಟೌನ್‌ನ ಅರ್ಮೇನಿಯನ್ ಸ್ಟ್ರೀಟಿನಲ್ಲಿ ಸೇಂಟ್ ಮೇರಿ ಹೆಸರಿನ ಚರ್ಚುಗಳು ಎರಡಿವೆ. ಜನ ತುಂಬಿರುವುದು ಕ್ಯಾಥೊಲಿಕರದು. ನೀವು ಹುಡುಕುತ್ತಿರುವ ಆರ್ಥೊಡಾಕ್ಸ್ ಚರ್ಚಿನಲ್ಲಿ ಈಗ ಭಕ್ತರೇ ಇಲ್ಲವೆನ್ನಬೇಕು. ಸೆಂಟ್ರಲ್‌ನಲ್ಲಿ ಇಳಿದು ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಹೈಕೋರ್ಟ್. ಅಲ್ಲಿಂದ ನಡೆದೇ ಹೋಗಬಹುದು.

ಭಾನುವಾರ ಬೆಳಿಗ್ಗೆ ಹೋಗುವುದೇ ಒಳ್ಳೆಯದು. ಒಂಬತ್ತೂವರೆ ಹೊತ್ತಿಗೆ ಗಂಟೆ ಬಾರಿಸುವ ರೂಢಿಯಿದೆ. ಮಧ್ಯಾಹ್ನದ ಮೇಲೆ ಹೋದವರಿಗೆ ಮುಚ್ಚಿದ ಬಾಗಿಲು ಕಂಡೀತು.

ಒಳಗೆ ಕಾಲಿಟ್ಟ ಕೂಡಲೇ ಬಲಿಪೀಠದತ್ತ ಓಡಬೇಡಿ. ಈ ಜಾಗದ ಚರಿತ್ರೆ ಇರುವುದು ಅಂಗಳದಲ್ಲಿ, ದೇವಕಣಗಿಲೆ ಮರಗಳ ಸುತ್ತಮುತ್ತ ಹಾಸಿದ ಸಮಾಧಿ ಕಲ್ಲುಗಳಲ್ಲಿ. ಪರ್ಷಿಯಾದ ಜುಲ್ಫಾದಿಂದ ರೇಷ್ಮೆ, ರತ್ನಗಳ ವ್ಯಾಪಾರಕ್ಕೆ ಬಂದು ಮದರಾಸಿನಲ್ಲೇ ನೆಲೆ ನಿಂತ ಅರ್ಮೇನಿಯನ್ನರ ಸಮಾಧಿಗಳು ಇವು. 1712ರಲ್ಲಿ ಅವರು ಊರಿನಲ್ಲಿ ತಮ್ಮ ಮೊದಲ ಚರ್ಚು ಕಟ್ಟಿದರು. ಈಗ ಕಾಣುವುದು 1772ರದು. ಅಲ್ಲಿ ಪಾದ್ರಿ ಹರುತ್ಯುನ್ ಶ್ಮಾವೊನ್ಯಾನ್ ಅವರ ಸಮಾಧಿಯನ್ನು ಕೇಳಿ ನೋಡಿ. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' 1794ರಲ್ಲಿ ಹೊರಟದ್ದು ಅರ್ಮೇನಿಯಾದಿಂದಲ್ಲ, ಇದೇ ಮದರಾಸಿನಿಂದ. ಹೊರಡಿಸಿದವರು ಇವರು. ಪತ್ರಿಕೆ ಬಾಳಿದ್ದು ಎರಡೇ ವರ್ಷ, ಆದರೂ ಅರ್ಮೇನಿಯನ್ ಪತ್ರಿಕೋದ್ಯಮದ ಮೂಲಪುರುಷ ಎಂಬ ಹೆಸರು ಇವರಿಗೇ ಉಳಿಯಿತು.

ಆಮೇಲೆ ಗಂಟೆ ಗೋಪುರ. ಚರ್ಚಿಗೆ ಅಂಟಿಕೊಳ್ಳದೆ ಬೇರೆಯಾಗಿಯೇ ನಿಂತಿದೆ. ಆರು ಗಂಟೆಗಳು, ಒಂದೊಂದೂ ಒಂದೊಂದು ಗಾತ್ರ. ಎರಡರ ಮೇಲೆ ಲಂಡನ್ನಿನ ಎರಕದವರ ಹೆಸರೂ 1837 ಎಂಬ ಇಸವಿಯೂ ಇವೆ. ಮೇಲೆ ಹತ್ತಲು ಕಾವಲುಗಾರರ ಅನುಮತಿ ಬೇಕು. ಕೊಡದಿದ್ದರೆ ಹಟ ಬೇಡ.

ಚರ್ಚಿನೊಳಗೆ ಹತ್ತು ನಿಮಿಷ ಸಾಕು. ಚಪ್ಪಲಿ ಎಲ್ಲಿ ಬಿಡಬೇಕು, ಫೋಟೊ ತೆಗೆಯಬಹುದೇ ಎಂದು ಮೊದಲೇ ಕೇಳಿಬಿಡಿ. ಕ್ರಿಸ್ತನ ಸ್ವರೂಪದ ಬಗ್ಗೆ ಕ್ರೈಸ್ತ ಧರ್ಮಗುರುಗಳು 451ರಲ್ಲಿ ಕ್ಯಾಲ್ಸಿಡನ್ ಸಭೆಯಲ್ಲಿ ಮಾಡಿದ ನಿರ್ಣಯವನ್ನು ಒಪ್ಪದೆ ಬೇರೆಯಾದ ಓರಿಯೆಂಟಲ್ ಆರ್ಥೊಡಾಕ್ಸ್ ಪಂಗಡ ಇದು. ನಮ್ಮ ಬ್ರಹ್ಮಾವರದ ಆರ್ಥೊಡಾಕ್ಸ್ ಸಿರಿಯನ್ ಕ್ರೈಸ್ತರೂ ಇದೇ ಬಳಗದವರು.

ಸಮಯ ಉಳಿದರೆ ಸೇಂಟ್ ಥಾಮಸ್ ಮೌಂಟಿಗೆ ಹೋಗಿ. ಆ ಬೆಟ್ಟದ ಮೆಟ್ಟಿಲು ಕಟ್ಟಿಸಿದ್ದು ಅರ್ಮೇನಿಯನ್ ವರ್ತಕ ಪೆತ್ರೋಸ್ ಉಸ್ಕನ್. ಸೈದಾಪೇಟೆಯಲ್ಲಿ ಅಡ್ಯಾರ್ ನದಿಗೆ 1726ರಲ್ಲಿ ಸೇತುವೆ ಹಾಕಿಸಿದವನೂ ಅವನೇ. ಚೆನ್ನೈ ಬಿಸಿಲು ಗೊತ್ತಲ್ಲ, ಹೊತ್ತು ಇಳಿದ ಮೇಲೆ ಹತ್ತಿ.