ವಾರ್ಡ್ ಬಿಟ್ಟೆ, ಕೆರೆ ಏರಿ ಹಿಡಿದೆ: ಬೇಗೂರು ಸುತ್ತ ಶಾಸನ ಹುಡುಕಿದ ನನ್ನ ಅನುಭವ

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರು, ಬೊಮ್ಮನಹಳ್ಳಿ ಕಡೆಯ ಹಳೇ ಶಾಸನದ ಕಲ್ಲು, ವೀರಗಲ್ಲುಗಳನ್ನೆಲ್ಲ ಒಂದು ನಕ್ಷೆಗೆ ತರುತ್ತೇನೆ ಅಂದಾಗ ನಮ್ಮ ಗುಂಪಿನವರೇ ನಕ್ಕಿದ್ದರು. "ಅಲ್ಲೇನಿದೆ ಗುರು, ಎಲ್ಲಾ ಅಪಾರ್ಟ್‌ಮೆಂಟ್ ಪಾಯಕ್ಕೆ ಹೋಗಿರುತ್ತೆ" ಅಂದರು. ಈಗ ಅವರೇ ಫೈಲ್ ಕಳಿಸು ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗಂಗರ ಕಾಲದ ಅಧಿಕಾರಿ ನಾಗತ್ತರನ ಶಾಸನ ಹೆಸರಾಂತದ್ದು. ಬೇಗೂರಿನ ಪಂಚಲಿಂಗೇಶ್ವರ ಗುಡಿಯಲ್ಲಿದೆ, ಕ್ರಿ.ಶ. 890ರ ಸುಮಾರಿನದು, ಬೆಂಗಳೂರು ಕಾಳಗದ ಮಾತು ಬರುವುದು ಅದರಲ್ಲೇ. ಯುದ್ಧದ ಚಿತ್ರವಿರುವ ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಇವಕ್ಕೆ ಹುಡುಕಾಟ ಬೇಕಿಲ್ಲ. ನನಗೆ ಬೇಕಿದ್ದದ್ದು ಶಾಸನ ಸಂಗ್ರಹಿಸಿದ ಬಿ.ಎಲ್. ರೈಸ್ ಸಾಹೇಬರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 9ನೇ ಸಂಪುಟದಲ್ಲಿ ಎರಡು ಮೂರು ಸಾಲಿಗೆ ಮುಗಿಸಿರುವ ಚಿಲ್ಲರೆ ಕಲ್ಲುಗಳು. ಊರ ಬಡಗಲು, ಕೆರೆ ಏರಿ, ಹೊಲದಲ್ಲಿ, ವಿಳಾಸ ಅಷ್ಟೇ.

ಮೊದಲು ವಾರ್ಡ್ ಪ್ರಕಾರ ಪಟ್ಟಿ ಮಾಡಿದ್ದು ಪೂರ್ತಿ ದಂಡ. ಬೊಮ್ಮನಹಳ್ಳಿ ಬೇರೆಯೇ ನಗರಸಭೆ ಆಗಿತ್ತು, 2007ರಲ್ಲಿ ಇನ್ನೂ ಆರು ನಗರಸಭೆ, ಕೆಂಗೇರಿ ಪುರಸಭೆ ಜೊತೆ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಹೊಟ್ಟೆಗೆ ಹೋಯಿತು. 198 ವಾರ್ಡ್ ಆಯಿತು, ಆಮೇಲೆ 243 ಅಂದರು, 225 ಅಂದರು, 2025ರಲ್ಲಿ ಗ್ರೇಟರ್ ಬೆಂಗಳೂರು ಅಂತ ಐದು ಪಾಲಿಕೆ ಬಂತು. ಪ್ರತಿ ಸಲವೂ ನನ್ನ ಎಕ್ಸೆಲ್ ಶೀಟ್ ಹಾಳು. ನಗರಸಭೆ ಕಾಲದ ನಕ್ಷೆ ಕೇಳಿದರೆ ಈ ಕಚೇರಿಯವರು ಆ ಕಚೇರಿ ತೋರಿಸಿದರು, ಅವರು ತಿರುಗಿ ಇಲ್ಲಿಗೇ ಕಳಿಸಿದರು. ಜೆರಾಕ್ಸು, ಪೆಟ್ರೋಲು ಅಂತ ಮೂರು ನಾಲ್ಕು ಸಾವಿರ ಹೋಗಿರಬೇಕು.

ಕೊನೆಗೆ ಕೈ ಹಿಡಿದದ್ದು ಕಂದಾಯದ ಲೆಕ್ಕ. ಹೋಬಳಿ, ಗ್ರಾಮ, ಸರ್ವೆ ನಂಬರ್. ಗ್ರಾಮ ನಕ್ಷೆ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಎಲ್ಲರೂ ಸೈಟು ಕೊಳ್ಳುವಾಗ ಮಾತ್ರ ನೋಡುತ್ತಾರೆ. ರೈಸ್ "ಊರು" ಅಂದರೆ ಗ್ರಾಮಠಾಣ, ಹಳೇ ಊರಿನ ಮನೆಗಳಿದ್ದ ಜಾಗ, ಇವತ್ತಿನ ಬಸ್ ಸ್ಟಾಪ್ ಅಲ್ಲ. ಗ್ರಾಮಠಾಣದಿಂದ ದಿಕ್ಕು ಎಳೆದು, ಕೆರೆ ಏರಿ, ತೂಬು (ಕೆರೆ ನೀರು ಬಿಡುವ ಬಾಗಿಲು), ಗುಂಡುತೋಪು (ಊರಿನ ಮರದ ತೋಪು), ಖರಾಬು (ಸಾಗುವಳಿಗೆ ಬಾರದ) ಜಾಗಗಳಿಗೆ ಬಣ್ಣ ಹಾಕಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ನಡೆದೆ. ಏರಿಗೆ ಅಷ್ಟು ತೂಕ ಯಾಕೆ ಅಂದರೆ, ಅಗರದ ಒಂಬತ್ತನೇ ಶತಮಾನದ ಶಾಸನ ಇರುವುದೇ ಕೆರೆಗೆ ತೂಬು ಇಡಿಸಿದ ಸುದ್ದಿಗೆ. ಮಡಿವಾಳದ ಸೋಮೇಶ್ವರ ಗುಡಿಯ 1247ರ ತಮಿಳು ಶಾಸನದಲ್ಲೂ ಜಮೀನಿನ ಗುರುತು ದೊಡ್ಡ ಕೆರೆಯೇ.

ರೈಸ್ ಪಟ್ಟಿಯ ಮೂರಕ್ಕೆ ಒಂದು ಕಲ್ಲು ಸಿಕ್ಕಿತು ಅನ್ನಬಹುದು. ಇದು ಕಡಿಮೆ ಅನ್ನುವವರು ಒಂದು ಭಾನುವಾರ ನನ್ನ ಜೊತೆ ಬನ್ನಿ. ಒಂದು ವೀರಗಲ್ಲು ಟ್ರಾನ್ಸ್‌ಫಾರ್ಮರ್ ಹಿಂದೆ ಸೊಂಟದವರೆಗೆ ಹೂತಿತ್ತು, ಇನ್ನೊಂದಕ್ಕೆ ಹಸಿರು ಎಣ್ಣೆ ಬಣ್ಣ ಬಳಿದು ಮುನೇಶ್ವರ ಮಾಡಿದ್ದರು. "ಅಮ್ಮಾ, ಇಲ್ಲಿ ಶಾಸನ ಇದೆಯಾ" ಅಂದರೆ ಯಾರೂ ತಲೆ ಎತ್ತುವುದಿಲ್ಲ. "ಹಳೇ ದೇವರ ಕಲ್ಲು ಯಾವ ಕಡೆ ಅಮ್ಮಾ" ಅಂದರೆ ಮೊಮ್ಮಗನನ್ನು ಜೊತೆಗೆ ಕಳಿಸುತ್ತಾರೆ. ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿದೆ, ಅದನ್ನು ಹೇಳಲ್ಲ. ನಿಧಿ ಅಗೆಯುವವರೂ ಓದುತ್ತಾರೆ ಅಲ್ವಾ.

ಓದುವುದಕ್ಕೂ ಏನೇನೋ ಮಾಡಿದೆ. ಮೈದಾ ಉಜ್ಜಿದರೆ ಅಕ್ಷರಕ್ಕಿಂತ ಇರುವೆ ಜಾಸ್ತಿ, ಕಲ್ಲಿಗೂ ಒಳ್ಳೆಯದಲ್ಲ. ಎರಡು ಸಾವಿರದ ರಿಂಗ್ ಲೈಟ್ ತಂದರೆ ನೇರ ಬೆಳಕಿಗೆ ಇದ್ದ ಗೀರೂ ಮಾಯ. ಕತ್ತಲಾದ ಮೇಲೆ ಮುನ್ನೂರು ರೂಪಾಯಿ ಟಾರ್ಚನ್ನು ಕಲ್ಲಿಗೆ ಒರಗಿಸಿದಷ್ಟು ಓರೆಯಾಗಿ ಬಿಟ್ಟಾಗ ಸಾಲುಗಳು ಎದ್ದು ಬಂದವು. ಮೊಬೈಲ್‌ನಲ್ಲಿ ಸುತ್ತಲೂ ನೂರರ ಹತ್ತಿರ ಫೋಟೋ ತೆಗೆದು ತ್ರೀಡಿ ಮಾಡಿದ್ದೂ ಉಂಟು, ಒರಟು ಕಲ್ಲಿಗೆ ಚೆನ್ನಾಗಿ ಬಂತು, ಎಣ್ಣೆ ಬಣ್ಣದ ಮುನೇಶ್ವರ ಮಾತ್ರ ಹೊಳಪಿಗೆ ಆಲೂಗಡ್ಡೆ ಆದ.

ಈಗ ಹುಳಿಮಾವು, ಅರಕೆರೆ ನಕ್ಷೆಗಳಿಗೆ ಬಣ್ಣ ಹಾಕುತ್ತಿದ್ದೇನೆ. ಫೈಲ್ ಕೇಳಿದವರಿಗೆ ಕೊಡುತ್ತೇನೆ, ನಿಧಿ ಅಗೆಯುವವರ ಭಯಕ್ಕೆ ಜಾಗದ ಪಿನ್ ಮಾತ್ರ ಇನ್ನೂರು ಮೀಟರ್ ಆಚೀಚೆ ಸರಿಸಿರುತ್ತೇನೆ.